ಒಮ್ಮೊಮ್ಮೆ ಹಿಡಿಯುವ ಬ್ರೇಕು

ಕುರುಡುಗಣ್ಣಿಗಿಂತ ಮೆಳ್ಳಗಣ್ಣು ವಾಸಿ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಏನೂ ಇಲ್ಲದಿರುವುದಕ್ಕಿಂತ ಅಷ್ಟಿಷ್ಟು ಇರುವುದು ಮೇಲು ಎಂಬ ಈ ವಿವೇಕವು ಕೊರತೆಯಲ್ಲಿ ಬಾಳಿದ ಜನಕ್ಕೆ ಬಹುಕಾಲದ ಊರುಗೋಲು. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ ನಮಗಂತೂ ಅದು ನಿತ್ಯದ ಮಂತ್ರವೇ ಆಗಿಬಿಟ್ಟಿದೆ. ಪಠ್ಯಪುಸ್ತಕ ತಡವಾಗಿಯಾದರೂ ಬಂತಲ್ಲ, ಎರಡು ತರಗತಿಗೆ ಒಬ್ಬರೇ ಆದರೂ ಮೇಷ್ಟ್ರು ಇದ್ದಾರಲ್ಲ ಎಂದು ಸಮಾಧಾನ ತಂದುಕೊಳ್ಳುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಆದರೆ ಈ ಗಾದೆ ಎಲ್ಲ ಕಡೆಗೂ ಸಲ್ಲುವುದೆ? ಪೂರ್ತಿ ಇಲ್ಲದಿರುವುದಕ್ಕಿಂತ ಅರೆಬರೆ ಇರುವುದೇ ಹೆಚ್ಚಿನ ಕೇಡನ್ನು ತರುವ ವಸ್ತುಗಳು ಲೋಕದಲ್ಲಿ ಇಲ್ಲವೆ? ಹಳೆಯದೊಂದು ಡೀಸೆಲ್ ಪಿಕಪ್ ಗಾಡಿಯ ಬ್ರೇಕು ನಮ್ಮನ್ನು ಈ ಪ್ರಶ್ನೆಯ ಎದುರಿಗೆ ತಂದು ನಿಲ್ಲಿಸಿತು.

ತಾಳವಾಡಿಯ ಕಡೆಯ ವಾಚಕರಿಗೆ ದಿಂಬಂ ಘಾಟಿಯನ್ನು ವರ್ಣಿಸಿ ಹೇಳಬೇಕಾದ ಅಗತ್ಯವಿಲ್ಲ. ಬೇರೆ ಕಡೆಯವರ ತಿಳಿವಳಿಕೆಗಾಗಿ ಇಷ್ಟು ಹೇಳಿದರೆ ಸಾಕು: ನಮ್ಮ ಬೆಟ್ಟದ ಮೇಲಿನ ನಾಡಿನಿಂದ ಸತ್ಯಮಂಗಲದ ಬಯಲಿಗೆ ಇಳಿಯಬೇಕಾದರೆ ಹಾಸನೂರು ದಾಟಿ, ದಿಂಬಮಿನಿಂದ ಬಣ್ಣಾರಿಯವರೆಗೆ 27 ಕಡಿದಾದ ತಿರುವುಗಳನ್ನು ಇಳಿಯಬೇಕು. ನಮ್ಮ ರೈತರು ಬೆಳೆದ ಎಲೆಕೋಸು, ಆಲೂಗಡ್ಡೆ, ಬೀಟ್ರೂಟು ಎಲ್ಲವೂ ಬಯಲಿನ ಪೇಟೆಯನ್ನು ಸೇರುವುದು ಈ ದಾರಿಯಲ್ಲೇ. ಕೆಲವು ವರ್ಷಗಳ ಹಿಂದೆ ನಾವು ಮೂವರು ಶಿಕ್ಷಕರು ಹದಿನಾಲ್ಕು ಮಂದಿ ಮಕ್ಕಳನ್ನು ಭಾಷಣ ಸ್ಪರ್ಧೆಗೆಂದು ಕರೆದುಕೊಂಡು ಈ ಘಾಟಿಯನ್ನು ಇಳಿದೆವು. ಬಸ್ಸಿನ ಹೊತ್ತು ಹೊಂದಲಿಲ್ಲ. ಬೇರೆ ಗಾಡಿಗೆ ಹಣವಿರಲಿಲ್ಲ. ಒಬ್ಬ ವಿದ್ಯಾರ್ಥಿಯ ತಂದೆ, ಕೋಸು ಸಾಗಿಸುವ ತಮ್ಮ ಪಿಕಪ್ಪನ್ನು ಡೀಸೆಲಿನ ಖರ್ಚಿಗಷ್ಟೇ ಕೊಡಲು ಒಪ್ಪಿದರು. ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸಬಾರದೆಂಬ ಕಾನೂನು ನಮಗೆ ಗೊತ್ತಿತ್ತು. ಗೊತ್ತಿದ್ದೂ ಹತ್ತಿದೆವು.

ಹೊರಡುವ ಮೊದಲು ಗಾಡಿಯ ಮಾಲೀಕರು ಬಾನೆಟ್ಟು ಎತ್ತಿ ಒಂದು ಸಣ್ಣ ಡಬ್ಬಿಯಿಂದ ಬ್ರೇಕ್ ಆಯಿಲನ್ನು ಸುರಿದರು. ಡಬ್ಬಿ ಮುಕ್ಕಾಲು ಖಾಲಿಯಾಗಿತ್ತು. ನಾವು ಅದನ್ನು ಕಂಡೆವು, ಏಕೆಂದು ಕೇಳಲಿಲ್ಲ. ಘಾಟಿಯ ನಡುವೆ ಒಂದು ತಿರುವಿನಲ್ಲಿ ಪೆಡಲು ಕಲ್ಲಿನಂತೆ ನಿಂತುಬಿಟ್ಟಿತು. ಅವರು ಆಸನದಿಂದ ಎದ್ದು ಮೈಭಾರವನ್ನೆಲ್ಲ ಕಾಲಿಗೆ ಹಾಕಿ ತುಳಿದರು, ಗೇರು ತಗ್ಗಿಸಿದರು, ಕೈಬ್ರೇಕನ್ನು ಎಳೆದರು. ಗಾಡಿ ತನ್ನ ಪಥವನ್ನು ಬಿಟ್ಟು ರಸ್ತೆಗೆ ಅಡ್ಡಲಾಗಿ ತಡೆಗೋಡೆಯ ಬಳಿ ನಿಂತಿತು. ಆ ಗಳಿಗೆಯಲ್ಲಿ ಕೆಳಗಿನಿಂದ ಯಾವ ಲಾರಿಯೂ ಬರುತ್ತಿರಲಿಲ್ಲ. ಹಿಂದೆ ಕುಳಿತಿದ್ದ ಮಕ್ಕಳು ಒಬ್ಬರ ಮೇಲೊಬ್ಬರು ವಾಲಿ ನಗುತ್ತಿದ್ದರು. ಮಾಲೀಕರು ಹಣೆಯ ಬೆವರನ್ನು ಒರೆಸಿಕೊಂಡು, “ಒಮ್ಮೊಮ್ಮೆ ಹಿಂಗೆ ಮಾಡ್ತದೆ ಮೇಷ್ಟ್ರೇ, ಆಮೇಲೆ ಸರಿಹೋಗ್ತದೆ” ಎಂದರು. ನಮಗೆ ಆ ಮಾತಿನಿಂದ ಸಮಾಧಾನವಾಯಿತು. ಉಳಿದ ತಿರುವುಗಳನ್ನೂ ಅದೇ ಗಾಡಿಯಲ್ಲಿ ಇಳಿದೆವು. ಮಕ್ಕಳು ಎರಡು ಬಹುಮಾನ ಗೆದ್ದರು. ಸಂಜೆ ಊರಿಗೆ ಮರಳಿದಾಗ ತಾಯ್ತಂದೆಯರು ಕೈಮುಗಿದು, “ಮಕ್ಕಳನ್ನ ಜೋಪಾನವಾಗಿ ಕರ್ಕೊಂಡು ಬಂದ್ರಿ” ಎಂದರು.

ನಾವು ಇಲ್ಲಿ ವಿಚಾರ ಮಾಡಬೇಕೆಂದಿರುವುದು ಆ ವಂದನೆಯನ್ನು ಕುರಿತು. ಅದಕ್ಕೆ ನಾವು ಅರ್ಹರಾಗಿದ್ದೆವೆ? ಏನೂ ಆಗಲಿಲ್ಲವೆಂಬುದು ನಿಜ. ಏನೂ ಆಗದೆ ಹೋದಾಗ ತಪ್ಪು ಎಂಬುದು ಎಲ್ಲಿದೆ?

ಈ ಪ್ರಶ್ನೆಯನ್ನು ನಮಗಿಂತ ಮೊದಲೇ ನಿಷ್ಠುರವಾಗಿ ಎತ್ತಿದವನು ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್. 1877ರಲ್ಲಿ ಪ್ರಕಟವಾದ ‘ನಂಬಿಕೆಯ ನೀತಿ’ ಎಂಬರ್ಥದ ತನ್ನ ಪ್ರಬಂಧದಲ್ಲಿ ಆತ ಒಬ್ಬ ಹಡಗಿನ ಒಡೆಯನ ಪ್ರಸಂಗವನ್ನು ಕಲ್ಪಿಸುತ್ತಾನೆ. ಹಡಗು ಹಳೆಯದು, ಹಲವು ಸಲ ದುರಸ್ತಿ ಕಂಡದ್ದು. ಅದು ಸಮುದ್ರಯಾನಕ್ಕೆ ಯೋಗ್ಯವೆ ಎಂಬ ಸಂದೇಹ ಒಡೆಯನ ಮನಸ್ಸಿಗೆ ಬರುತ್ತದೆ. ಪರೀಕ್ಷೆ ಮಾಡಿಸಿದರೆ ಖರ್ಚು. ಇದುವರೆಗೆ ಎಷ್ಟೋ ಬಿರುಗಾಳಿಯನ್ನು ದಾಟಿ ಬಂದಿದೆ, ಈ ಸಲವೂ ಬಂದೀತು ಎಂದು ಅವನು ತನ್ನನ್ನು ತಾನೇ ಒಪ್ಪಿಸಿಕೊಂಡು, ವಲಸೆ ಹೊರಟ ಕುಟುಂಬಗಳನ್ನು ಹತ್ತಿಸಿ ಕಳುಹಿಸುತ್ತಾನೆ. ಹಡಗು ಮುಳುಗುತ್ತದೆ, ಅವನು ವಿಮೆಯ ಹಣವನ್ನು ಪಡೆಯುತ್ತಾನೆ. ಅವನು ತಪ್ಪಿತಸ್ಥನೆಂದು ಯಾರಾದರೂ ಒಪ್ಪುತ್ತಾರೆ. ಆದರೆ ಕ್ಲಿಫರ್ಡನ ಮುಂದಿನ ಹೆಜ್ಜೆಯೇ ಮುಖ್ಯವಾದುದು. ಹಡಗು ಮುಳುಗದೆ ದಡ ಸೇರಿತೆಂದು ಇಟ್ಟುಕೊಳ್ಳಿ. ಆಗಲೂ ಅವನ ಅಪರಾಧ ಎಳ್ಳಷ್ಟೂ ಕಡಮೆಯಾಗದು ಎನ್ನುತ್ತಾನೆ ಆತ. ತಪ್ಪು ಇರುವುದು ಫಲದಲ್ಲಲ್ಲ, ನಂಬಲು ಹಕ್ಕಿಲ್ಲದುದನ್ನು ನಂಬಿದುದರಲ್ಲಿ. ಇದನ್ನು ಬರೆದವನು ಕಡಲನ್ನು ಪುಸ್ತಕದಲ್ಲಿ ಮಾತ್ರ ಕಂಡವನಲ್ಲ. 1870ರಲ್ಲಿ ಸೂರ್ಯಗ್ರಹಣವನ್ನು ವೀಕ್ಷಿಸಲು ಹೋದಾಗ ಸಿಸಿಲಿಯ ತೀರದಲ್ಲಿ ಹಡಗೊಡೆದು ಬದುಕಿ ಬಂದವನು.

ಒಡೆಯನ ನಂಬಿಕೆ ಪ್ರಾಮಾಣಿಕವಾದುದೇ ಆಗಿತ್ತು ಎಂಬುದನ್ನು ಗಮನಿಸಬೇಕು. ಅವನು ಸುಳ್ಳುಗಾರನಲ್ಲ. ಆದರೆ ಆ ನಂಬಿಕೆಯನ್ನು ಅವನು ಗಳಿಸಿದುದು ಪರೀಕ್ಷೆಯಿಂದಲ್ಲ, ಸಂದೇಹವನ್ನು ಅದುಮಿ. ದಿಂಬಮಿನ ತಿರುವಿನಲ್ಲಿ ನಮಗೆ ದೊರೆತ ಸಮಾಧಾನವೂ ಇದೇ ಜಾತಿಯದು. “ಒಮ್ಮೊಮ್ಮೆ” ಎಂಬ ಒಂದು ಮಾತು ನಮಗೆ ಸಾಕಾಯಿತು. ಆ ಮಾತಿನ ಒಳಗೆ ಏನಿದೆ ಎಂದು ನಾವು ನೋಡಲಿಲ್ಲ.

ನೋಡುವಂತೆ ಮಾಡಿದವನು ಒಬ್ಬ ವಯಸ್ಸಾದ ಮೆಕ್ಯಾನಿಕ್. ನಮ್ಮ ಪ್ರಯಾಣವಾದ ಹತ್ತು ದಿನಕ್ಕೆ ಅದೇ ಮಾಲೀಕರು ಕೋಸಿನ ಹೇರಿನೊಂದಿಗೆ ಘಾಟಿ ಇಳಿಯುವಾಗ, ಬುಡದ ತಿರುವುಗಳ ಹತ್ತಿರ ಪೆಡಲು ಈ ಸಲ ಗಟ್ಟಿಯಾಗದೆ ಹತ್ತಿಯಂತೆ ಮೆತ್ತಗಾಗಿ ತಳ ಮುಟ್ಟಿತು. ಗಾಡಿಯನ್ನು ಗುಡ್ಡದ ಬದಿಗೆ ಉಜ್ಜಿ ನಿಲ್ಲಿಸಿದರು. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲು ಮೊದಲಿನಂತೆ ನೆಟ್ಟಗಿತ್ತು! ಅವರಿಗೆ ನಿಜವಾದ ಹೆದರಿಕೆ ಹುಟ್ಟಿದುದು ಆಗ. ಹಿಂದಿನ ಗಾಲಿಗಳ ಲೈನರನ್ನು ಅವರು ಆ ವರ್ಷ ಎರಡು ಸಲ ಬದಲಾಯಿಸಿದ್ದರು. ಹಣ ಹೋಗಿತ್ತು, ದೋಷ ಹೋಗಿರಲಿಲ್ಲ. ರಜೆಯ ದಿನವಾದುದರಿಂದ ನಾವೂ ಅವರ ಜೊತೆಗೆ ಗ್ಯಾರೇಜಿಗೆ ಹೋಗಿ ಹಲಗೆಯ ಮೇಲೆ ಕುಳಿತೆವು. ಒಂದು ದಿನದಲ್ಲಿ ಅಲ್ಲಿ ಕಂಡುದು ತರ್ಕಶಾಸ್ತ್ರದ ಪಾಠವೇ ಆಗಿತ್ತು.

ಮೆಕ್ಯಾನಿಕ್ ಮೊದಲಿಗೆ ಸ್ಪ್ಯಾನರನ್ನು ಮುಟ್ಟಲಿಲ್ಲ. ಪ್ರಶ್ನೆಗಳನ್ನು ಕೇಳಿದನು. ಪೆಡಲು ಗಟ್ಟಿಯಾಗುವುದು ಯಾವಾಗ, ಮೆತ್ತಗಾಗುವುದು ಯಾವಾಗ? ಮೊದಲ ತುಳಿತಕ್ಕೋ, ಮೂರನೆಯದಕ್ಕೋ? ಬೆಳಗಿನ ತಣ್ಣನೆಯ ಗಾಡಿಯಲ್ಲೋ, ಘಾಟಿ ಇಳಿದು ಕಾದ ಮೇಲೋ? ಹೇರು ಇದ್ದಾಗಲೋ, ಖಾಲಿಯಲ್ಲೋ? ಮಾಲೀಕರು ಯೋಚಿಸಿ ಯೋಚಿಸಿ ಉತ್ತರ ಹೇಳುತ್ತಿದ್ದಂತೆ ಒಂದು ಸಂಗತಿ ಸ್ಪಷ್ಟವಾಯಿತು. “ಬ್ರೇಕು ಸರಿಯಿಲ್ಲ” ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ರೋಗಗಳು ಅಡಗಿದ್ದವು. ಗಟ್ಟಿಯಾಗುವುದು ಬೇಗಬೇಗ ಎರಡು ಮೂರು ಸಲ ತುಳಿದಾಗ. ಮೆತ್ತಗಾಗುವುದು ಹೇರಿನೊಂದಿಗೆ ಬಹಳ ಹೊತ್ತು ಇಳಿದಾಗ. ಯಂತ್ರಕ್ಕೆ ಮುನಿಸಿಲ್ಲ, ಮರ್ಜಿಯಿಲ್ಲ. ಅದು ಪ್ರತಿಸಲವೂ ತನ್ನ ಸ್ಥಿತಿಗೆ ತಕ್ಕಂತೆಯೇ ನಡೆಯುತ್ತದೆ. ‘ಒಮ್ಮೊಮ್ಮೆ’ ಎಂಬುದು ಯಂತ್ರದ ಗುಣವಲ್ಲ. ಆ ಸ್ಥಿತಿಯನ್ನು ಅರಿಯದ ನಮ್ಮ ಅಜ್ಞಾನಕ್ಕೆ ನಾವು ಇಟ್ಟುಕೊಂಡ ಹೆಸರು.

ಮೊದಲನೆಯ ರೋಗವನ್ನು ಅವನು ಪತ್ತೆಹಚ್ಚಿದ ಬಗೆಯನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಬ್ರೇಕಿನ ತತ್ತ್ವ ಸರಳವಾದುದು. ಮುಚ್ಚಿದ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲನ ನಿಯಮ, ಅವನು ತೀರಿಕೊಂಡ ಮರುವರ್ಷ, 1663ರಲ್ಲಿ ಅಚ್ಚಾದ ಗ್ರಂಥದಲ್ಲಿ ಹೊರಬಂದಿತು. ಮಾಸ್ಟರ್ ಸಿಲಿಂಡರಿನಲ್ಲಿ ನಾವು ಒತ್ತಿದ ಎಣ್ಣೆ ನಾಲ್ಕು ಗಾಲಿಗಳಿಗೂ ಆ ಒತ್ತಡವನ್ನು ಒಯ್ಯುತ್ತದೆ. ಭಾರದ ಗಾಡಿಗೆ ಕಾಲಿನ ಬಲವೊಂದೇ ಸಾಲದು. ಆದುದರಿಂದ ನಡುವೆ ಬೂಸ್ಟರ್ ಎಂಬ ದುಂಡನೆಯ ಡಬ್ಬಿಯಿದೆ. ಅದರೊಳಗಿನ ರಬ್ಬರ್ ಪರದೆಯ ಒಂದು ಬದಿಯಲ್ಲಿ ಗಾಳಿಯನ್ನು ಹೀರಿ ತೆಗೆದರೆ, ಇನ್ನೊಂದು ಬದಿಯ ಹೊರಗಾಳಿಯ ಒತ್ತಡ ನಮ್ಮ ಕಾಲಿಗೆ ನೆರವಾಗುತ್ತದೆ. ಪೆಟ್ರೋಲ್ ಎಂಜಿನ್ನು ಒಳಬರುವ ಗಾಳಿಯನ್ನು ತಡೆದು ತಡೆದು ಬಿಡುವುದರಿಂದ ಈ ಹೀರುವಿಕೆ ಅಲ್ಲಿ ತಾನಾಗಿಯೇ ಸಿಗುತ್ತದೆ. ಹಳೆಯ ಡೀಸೆಲ್ ಎಂಜಿನ್ನಿಗೆ ಗಾಳಿ ತಡೆಯಿಲ್ಲದೆ ನುಗ್ಗುತ್ತದೆ. ವೇಗವನ್ನು ಹಿಡಿದಿಡುವುದು ಎಣ್ಣೆಯ ಪ್ರಮಾಣದಿಂದ ಮಾತ್ರ. ಅದಕ್ಕಾಗಿ ಬೇರೆ ವ್ಯಾಕ್ಯೂಮ್ ಪಂಪು ಬೇಕು. ಅದು ಅನೇಕ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ.

ಎಂಜಿನ್ನನ್ನು ನಿಲ್ಲಿಸಿ ಐದಾರು ಸಲ ಪೆಡಲನ್ನು ತುಳಿದು, ಉಳಿದಿದ್ದ ಹೀರುವಿಕೆಯನ್ನೆಲ್ಲ ಮುಗಿಸಿ, ಕಾಲನ್ನು ಹಾಗೆಯೇ ಒತ್ತಿಹಿಡಿದು ಎಂಜಿನ್ನು ಚಾಲೂ ಮಾಡಿಸಿದನು. ಬೂಸ್ಟರ್ ನೆಟ್ಟಗಿದ್ದರೆ ಆಗ ಪೆಡಲು ತಾನಾಗಿಯೇ ತುಸು ಕೆಳಗಿಳಿಯಬೇಕು. ಇಳಿಯಲಿಲ್ಲ. ದೋಷ ಪಂಪಿನದೋ, ಕೊಳವೆಯದೋ, ಬೂಸ್ಟರಿನದೋ? ಬೂಸ್ಟರಿಗೆ ಬರುವ ಕೊಳವೆಯ ತುದಿಯನ್ನು ಬಿಡಿಸಿ, ಎಂಜಿನ್ನು ನಡೆಯುತ್ತಿರುವಾಗ ಅದಕ್ಕೆ ಹೆಬ್ಬೆರಳನ್ನು ಅಡ್ಡ ಹಿಡಿದನು. ಬೆರಳು ಬಲವಾಗಿ ಕಚ್ಚಿಕೊಂಡಿತು. ಅಂದರೆ ಪಂಪು ಸರಿ, ಕೊಳವೆಯೂ ಸರಿ. ಉಳಿದುದು ಬೂಸ್ಟರ್ ಒಂದೇ. ನಮ್ಮ ನೈಯಾಯಿಕರು ಇದನ್ನು ಕಂಡಿದ್ದರೆ ಅನ್ವಯ-ವ್ಯತಿರೇಕಕ್ಕೆ ಹೊಸದೊಂದು ದೃಷ್ಟಾಂತ ಸಿಕ್ಕಿತೆಂದು ಸಂತೋಷಪಡುತ್ತಿದ್ದರು. ಅವರ ಶಾಸ್ತ್ರದ ಹದಿನಾರು ಪದಾರ್ಥಗಳಲ್ಲಿ ಸಂಶಯವೂ ಒಂದು ಎಂಬುದನ್ನು ಇಲ್ಲಿ ನೆನೆಯಬೇಕು. ಸಂಶಯವನ್ನು ಅವರು ಮನಸ್ಸಿನ ರೋಗವೆಂದು ತಳ್ಳಲಿಲ್ಲ. ವಿಚಾರಕ್ಕೆ ಬಾಗಿಲೆಂದು ತಿಳಿದರು.

ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಮೆಕ್ಯಾನಿಕ್ ಮಾಲೀಕರ ಕಡೆಗೆ ತಿರುಗಿ, “ನೋಡಪ್ಪಾ, ತಿಂಗಳಿಗೆ ಎರಡು ಸಲ ಆಯಿಲು ಹಾಕ್ತೀನಿ ಅಂದೆ. ಅದು ಎಲ್ಲಿಗೆ ಹೋಯ್ತು ಅಂತ ಒಂದು ದಿವಸನಾದ್ರೂ ಕೇಳ್ಕೊಂಡೆಯಾ?” ಎಂದನು. ಬ್ರೇಕಿನ ಎಣ್ಣೆ ದೀಪದೆಣ್ಣೆಯಂತೆ ಉರಿದು ಮುಗಿಯುವುದಲ್ಲ. ಪ್ಯಾಡು ಲೈನರುಗಳು ಸವೆದಂತೆ ಅದರ ಮಟ್ಟ ನಿಧಾನವಾಗಿ ತುಸು ಇಳಿಯಬಹುದು. ಅದಕ್ಕಿಂತ ಬೇಗ ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಆದರೆ ನಾಲ್ಕು ಗಾಲಿಗಳೂ ಒಣಗಿದ್ದವು. ನೆಲದ ಮೇಲೆ ಒಂದು ಹನಿಯ ಗುರುತೂ ಇರಲಿಲ್ಲ. ಅವನು ಮಾಸ್ಟರ್ ಸಿಲಿಂಡರಿನ ಕೆಳಗೆ, ಬೂಸ್ಟರಿನ ಮುಖದ ಮೇಲೆ ಬಣ್ಣವು ಗುಳ್ಳೆಯೆದ್ದು ಕಿತ್ತುಬಂದಿದ್ದುದನ್ನು ತೋರಿಸಿದನು. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಸಿಲಿಂಡರನ್ನು ಬಿಚ್ಚಿದಾಗ ಬೂಸ್ಟರಿನ ಒಳಗೆ ಎಣ್ಣೆ ನಿಂತಿತ್ತು. ಸಿಲಿಂಡರಿನ ಹಿಂಬದಿಯ ರಬ್ಬರ್ ಸೀಲು ಸವೆದು, ಎಣ್ಣೆ ಹೊರಗೆ ಬೀಳದೆ ಒಳಕ್ಕೇ ಜಿನುಗಿ, ನೆರವಾಗಬೇಕಾದ ಪರದೆಯನ್ನೇ ಊದಿಸಿ ಕೆಡಿಸಿತ್ತು. ಹೊರಗೆ ಸೋರುವ ದೋಷ ನೆಲದ ಮೇಲೆ ಬರೆದು ತೋರಿಸುತ್ತದೆ. ಒಳಗೆ ಸೋರುವ ದೋಷವನ್ನು ಡಬ್ಬಿಯ ಎಣ್ಣೆ ದಿನದಿನವೂ ಮರೆಮಾಡುತ್ತದೆ. ಪ್ರಯಾಣದ ದಿನ ಬೆಳಗ್ಗೆ ನಾವು ಕಂಡೂ ಕೇಳದೆ ಬಿಟ್ಟ ಪ್ರಶ್ನೆ ಇದೇ ಆಗಿತ್ತು.

ಎರಡನೆಯ ರೋಗದ ಮೂಲ ಇನ್ನೂ ಆಳವಾದುದು. ಬ್ರೇಕು ಚಲನೆಯನ್ನು ನಾಶಮಾಡುವುದಿಲ್ಲ. ಅದನ್ನು ಶಾಖವನ್ನಾಗಿ ಮಾರ್ಪಡಿಸುತ್ತದೆ. ಒಟ್ಟು ಮೂರು ಸಾವಿರ ಕಿಲೋಗ್ರಾಂ ತೂಕದ ಗಾಡಿ ನೂರು ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ, 30 ಡಿಗ್ರಿಯ ಹತ್ತು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಇದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಬಹುದು. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂದು ಹಳಬ ಚಾಲಕರು ಹೇಳುವುದು ಈ ಶಾಖದ ಬಹುಭಾಗವನ್ನು ಎಂಜಿನ್ನಿಗೆ ಹೊರಿಸುವುದಕ್ಕಾಗಿ. ಉಳಿದುದು ಬ್ರೇಕಿಗೆ. ಈಗ ಎಣ್ಣೆಯ ಸಂಗತಿ: ಸಾಮಾನ್ಯವಾದ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ 205 ಡಿಗ್ರಿಯವರೆಗಾದರೂ ಕುದಿಯಬಾರದೆಂಬುದು ನಿಯಮ; ಶೇಕಡ 3.7ರಷ್ಟು ನೀರು ಸೇರಿದಾಗ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಆವಿ. ದ್ರವವನ್ನು ಒತ್ತಿದರೆ ಅದು ಒತ್ತಡವನ್ನು ಮುಂದೆ ಒಯ್ಯುತ್ತದೆ. ಆವಿಯನ್ನು ಒತ್ತಿದರೆ ಅದು ಸುಮ್ಮನೆ ಕುಗ್ಗುತ್ತದೆ. ಪೆಡಲು ತಳ ಮುಟ್ಟುತ್ತದೆ. ತಣಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲು ನೆಟ್ಟಗಾಗುತ್ತದೆ, ಸಾಕ್ಷ್ಯ ಅಳಿಸಿಹೋಗುತ್ತದೆ. ಆ ಗಾಡಿಯ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು. ಮೇಲೆ ಮೇಲೆ ಹೊಸದನ್ನು ಸುರಿದಿದ್ದರೇ ಹೊರತು ಹಳೆಯದನ್ನು ತೆಗೆದವರಿಲ್ಲ.

ಆದರೆ ಮುಂದಿನ ಗಾಲಿಗಳು ಅಷ್ಟು ಕಾಯಬೇಕಾದ ಕಾರಣವೇನು? ಮೆಕ್ಯಾನಿಕ್ ಗಾಡಿಯ ಕೆಳಗೆ ತೂರಿ ಹಿಂದಿನ ಅಚ್ಚಿನ ಬಳಿಯ ಒಂದು ಸಣ್ಣ ವಾಲ್ವನ್ನು ತೋರಿಸಿದನು. ಹೇರು ಹೆಚ್ಚಾದಂತೆ ಗಾಡಿಯ ಮೈ ಅಚ್ಚಿನ ಕಡೆಗೆ ತಗ್ಗುತ್ತದೆ. ಆ ತಗ್ಗನ್ನು ಅಳೆದು, ಹೇರಿಗೆ ತಕ್ಕಂತೆ ಹಿಂದಿನ ಗಾಲಿಗಳಿಗೆ ಬ್ರೇಕಿನ ಒತ್ತಡವನ್ನು ಕೊಡುವುದು ಆ ವಾಲ್ವಿನ ಕೆಲಸ. ಮಾಲೀಕರು ಹೆಚ್ಚು ಹೇರಲೆಂದು ಸ್ಪ್ರಿಂಗ್ ಕಟ್ಟಿಗೆ ಎರಡು ಪಟ್ಟಿಗಳನ್ನು ಸೇರಿಸಿದ್ದರು. ಅಂದಿನಿಂದ ಎಷ್ಟು ಹೇರಿದರೂ ಮೈ ಸಾಕಷ್ಟು ತಗ್ಗುತ್ತಿರಲಿಲ್ಲ. ಗಾಡಿ ಹೆಚ್ಚು ಕಡಮೆ ಖಾಲಿಯಿದೆ ಎಂದೇ ವಾಲ್ವು ತಿಳಿಯುತ್ತಿತ್ತು. ಹಿಂದಿನ ಬ್ರೇಕು ಅರ್ಧ ಕೆಲಸ ಮಾಡಿದರೆ ಅದರ ಪಾಲನ್ನೂ ಮುಂದಿನದು ಹೊತ್ತು ಕಾದು ಕೆಂಡವಾಗುತ್ತಿತ್ತು. ಹಿಂದಿನ ಲೈನರನ್ನು ಎರಡು ಸಲ ಬದಲಾಯಿಸಿದುದು, ಆದುದರಿಂದ, ಮೈಗಳ್ಳನಾಗಿ ಕಂಡ ಆಳಿಗೆ ಹೊಸ ಅಂಗಿ ಹೊಲಿಸಿದಂತಾಗಿತ್ತು. ಆಳು ಕಳ್ಳನಲ್ಲ, ಅವನಿಗೆ ಕೆಲಸದ ಕರೆಯೇ ತಲಪುತ್ತಿರಲಿಲ್ಲ.

ದುರಸ್ತಿಯ ವಿಷಯವನ್ನು ಚುಟುಕಾಗಿ ಹೇಳಬಹುದು. ಸಿಲಿಂಡರಿನ ಒಳಗೋಡೆಯಲ್ಲಿ ಗೀರುಗಳು ಬಿದ್ದಿದ್ದುದರಿಂದ ಸೀಲನ್ನಷ್ಟೇ ಬದಲಾಯಿಸಿದರೆ ಹೊಸದೂ ಬೇಗ ಸವೆಯುತ್ತದೆಂದು ಇಡೀ ಸಿಲಿಂಡರನ್ನೇ ಹಾಕಲಾಯಿತು, ಬೂಸ್ಟರನ್ನೂ ಬದಲಿಸಲಾಯಿತು. ಸೇರಿಸಿದ್ದ ಪಟ್ಟಿಗಳನ್ನು ತೆಗೆದು ವಾಲ್ವಿನ ಸಲಾಕೆಯನ್ನು ಅಳತೆಗೆ ಕೂಡಿಸಲಾಯಿತು. ಹಳೆಯ ಎಣ್ಣೆಯನ್ನೆಲ್ಲ ಹೊರಹಾಕಿ, ಅತಿ ದೂರದ ಗಾಲಿಯಿಂದ ಮೊದಲುಮಾಡಿ ಒಂದೊಂದರ ಗಾಳಿಯನ್ನೂ ತೆಗೆಯಲಾಯಿತು. ರಬ್ಬರಿನ ಭಾಗಗಳನ್ನು ತೊಳೆಯಲು ಸೀಮೆಎಣ್ಣೆ ಡೀಸೆಲುಗಳನ್ನು ಅವನು ಹತ್ತಿರಕ್ಕೆ ಬಿಡಲಿಲ್ಲ. ಅವು ಆ ರಬ್ಬರನ್ನು ಕೆಡಿಸುತ್ತವೆ. ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿದನು. ಹಳೆಯ ಲೈನರಿನ ಧೂಳಿನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಬಳಿಕ ಪರೀಕ್ಷೆ: ಮೊದಲು ಖಾಲಿ ಗಾಡಿ, ಸಮತಟ್ಟಾದ ನೆಲ, ಮೆಲ್ಲನೆಯ ನಡಿಗೆ, ಆಮೇಲೆ ಹೇರು, ಆಮೇಲೆ ಚಿಕ್ಕ ಇಳಿಜಾರು. ಪೆಡಲನ್ನು ಒತ್ತಿಹಿಡಿದು ಅದು ಮೆಲ್ಲನೆ ಜಾರುತ್ತದೆಯೇ ಎಂದು ಕಾದು ನೋಡಿದನು. ವಾರ ಬಿಟ್ಟು ಎಣ್ಣೆಯ ಮಟ್ಟವನ್ನು ತೋರಿಸಲು ಮತ್ತೆ ಬರಬೇಕೆಂದನು. ತನ್ನ ಕೆಲಸ ತಪ್ಪಾಗಿದ್ದರೆ ಆ ತಪ್ಪು ಎಲ್ಲಿ ಬಯಲಾದೀತು ಎಂದು ಅವನು ಹುಡುಕುತ್ತಿದ್ದನು. ನಾವಾದರೋ ಅಂದು ಘಾಟಿಯಲ್ಲಿ, ನಮ್ಮ ನಂಬಿಕೆ ಎಲ್ಲಿಯೂ ಬಯಲಾಗದಿರಲೆಂದು ಕಣ್ಣು ಮುಚ್ಚಿದ್ದೆವು. ಪರೀಕ್ಷಿಸಿದ ನಂಬಿಕೆಗೂ ಪರೀಕ್ಷೆಯಿಂದ ತಪ್ಪಿಸಿಕೊಂಡ ನಂಬಿಕೆಗೂ ಇರುವ ಅಂತರ ಇದೇ.

ಇಲ್ಲಿ ಕೆಲವು ಆಕ್ಷೇಪಗಳನ್ನು ಎದುರಿಸಬೇಕು. ಎಲ್ಲಕ್ಕೂ ಪ್ರಮಾಣ ಬೇಕೆಂದು ಕೂತರೆ ಬದುಕು ನಡೆಯುವುದೆ ಎಂದು ಕೇಳಬಹುದು. ಅಮೆರಿಕೆಯ ವಿಲಿಯಂ ಜೇಮ್ಸ್ 1896ರ ತನ್ನ ಉಪನ್ಯಾಸದಲ್ಲಿ ಕ್ಲಿಫರ್ಡನಿಗೆ ಉತ್ತರವಾಗಿ, ಕೆಲವು ನಂಬಿಕೆಗಳನ್ನು ಸಾಕ್ಷ್ಯಕ್ಕಾಗಿ ಕಾಯದೆ ಕೈಕೊಳ್ಳುವ ಹಕ್ಕು ಮನುಷ್ಯನಿಗಿದೆ ಎಂದು ವಾದಿಸಿದನು. ಆದರೆ ಅವನು ಆ ಹಕ್ಕನ್ನು ಕೊಟ್ಟುದು ಬುದ್ಧಿಯಿಂದ ತೀರ್ಮಾನಿಸಲಾಗದ ಪ್ರಶ್ನೆಗಳಿಗೆ. ಹೆಬ್ಬೆರಳನ್ನು ಕೊಳವೆಗೆ ಅಡ್ಡ ಹಿಡಿದರೆ ತೀರುವ ಪ್ರಶ್ನೆ ಅಂಥದಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಕಠಿನವಾದುದು. ಬ್ರೇಕಿನ ಪರೀಕ್ಷೆಯನ್ನು ಉದಾಸೀನ ಮಾಡಿದ ಇಬ್ಬರು ಚಾಲಕರಿದ್ದಾರೆ. ಒಬ್ಬನ ಗಾಡಿಗೆ ಅಡ್ಡವಾಗಿ ಒಂದು ಮಗು ಓಡಿಬರುತ್ತದೆ; ಇನ್ನೊಬ್ಬನಿಗೆ ಯಾರೂ ಅಡ್ಡ ಬರುವುದಿಲ್ಲ. ಇಬ್ಬರ ಉದಾಸೀನವೂ ಒಂದೇ. ಆದರೂ ಮೊದಲನೆಯವನು ಜೀವಮಾನವೆಲ್ಲ ತನ್ನನ್ನು ಹಳಿದುಕೊಳ್ಳುತ್ತಾನೆ; ಎರಡನೆಯವನು ಊಟ ಮಾಡಿ ಮಲಗುತ್ತಾನೆ. ಥಾಮಸ್ ನೇಗೆಲ್ ಎಂಬ ದಾರ್ಶನಿಕ ‘ನೈತಿಕ ಅದೃಷ್ಟ’ವನ್ನು ಕುರಿತ 1976ರ ಚರ್ಚೆಯಲ್ಲಿ ಬ್ರೇಕನ್ನು ಪರೀಕ್ಷಿಸದ ಚಾಲಕನನ್ನೇ ನಿದರ್ಶನವಾಗಿ ತೆಗೆದುಕೊಂಡನು. ನಮ್ಮ ಕೈಯಲ್ಲಿಲ್ಲದ ಸಂಗತಿಗಳು ನಮ್ಮ ತಪ್ಪಿನ ತೂಕವನ್ನು ನಿರ್ಧರಿಸುವುದು ಹೇಗೆ ಎಂಬ ಆ ಒಗಟು ಇಂದಿಗೂ ಬಿಡಿಸಿಕೊಂಡಿಲ್ಲ. ಮಗುವನ್ನು ಕಳೆದುಕೊಂಡ ಮನೆಯವರ ಎದುರಿಗೆ, ಇಬ್ಬರೂ ಸಮಾನರು ಎಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಒಂದನ್ನು ಹೇಳಬಹುದು: ಎರಡನೆಯವನ ನೆಮ್ಮದಿ ಅವನು ಗಳಿಸಿದುದಲ್ಲ. ಮೇಲೇರಿ ಬರದೆ ಇದ್ದ ಆ ಲಾರಿ ನಮ್ಮ ಸದ್ಗುಣವಾಗಿರಲಿಲ್ಲ.

ಮೂರನೆಯದು ಬಡತನದ ಮಾತು. ಕ್ಲಿಫರ್ಡನ ಒಡೆಯ ಸಿರಿವಂತ. ನಮ್ಮ ಮಾಲೀಕರೋ ಸಾಲ ತಂದು ಕೋಸು ಬೆಳೆದವರು. ಕುಯ್ದ ಕೋಸು ಗಾಡಿಯ ದುರಸ್ತಿಗಾಗಿ ಕಾಯುವುದಿಲ್ಲ. ಒಂದು ವಾರ ತಡವಾದರೆ ವರ್ಷದ ದುಡಿಮೆ ಕೊಳೆಯುತ್ತದೆ. ಅಂಥವರಿಗೂ ಒಡೆಯನಿಗೂ ಒಂದೇ ತೀರ್ಪೆ? ಇಲ್ಲವೆಂದೇ ನಮಗೆ ತೋರುತ್ತದೆ. ಬಡತನ ತಪ್ಪಿನ ಭಾರವನ್ನು ತಗ್ಗಿಸುತ್ತದೆ. ಆದರೆ ಅದು ಘಾಟಿಯ ಇಳಿಜಾರನ್ನು ತಗ್ಗಿಸುವುದಿಲ್ಲ. ಎದುರಿಗೆ ನಡೆದು ಬರುವ ಅಪರಿಚಿತನ ಜೀವವನ್ನು ಅಗ್ಗ ಮಾಡುವುದಿಲ್ಲ. ಆ ಅಪರಿಚಿತನನ್ನು ಯಾರೂ ಒಪ್ಪಿಗೆ ಕೇಳಿಲ್ಲ. ಗಾಡಿಯ ಹಿಂದೆ ಕೂತು ನಕ್ಕ ಮಕ್ಕಳನ್ನೂ ಕೇಳಿರಲಿಲ್ಲ. ದುರಸ್ತಿಗೆ ಹಣವಿಲ್ಲದವನಿಗೂ ಮೂರು ಕೆಲಸಗಳು ಸಾಧ್ಯ: ದೋಷವನ್ನು ದೋಷವೆಂದು ಹೇಳುವುದು, ಹೇರನ್ನು ಕಡಮೆ ಮಾಡುವುದು, ಜನರನ್ನು ಹತ್ತಿಸದಿರುವುದು. ಅಷ್ಟಕ್ಕೂ, ಅಪಾಯದ ಹೊಣೆ ಅವರೊಬ್ಬರದೇ ಅಲ್ಲ. ಅಗ್ಗದಲ್ಲಿ ಕೋಸು ಕೊಳ್ಳುವ ಪೇಟೆಗೂ ಅದರಲ್ಲಿ ಪಾಲಿದೆ. ಪುಕ್ಕಟೆಯಾಗಿ ಗಾಡಿ ಕೇಳಿದ ಶಿಕ್ಷಕರಿಗೆ ಎಲ್ಲರಿಗಿಂತ ಹೆಚ್ಚಿನ ಪಾಲಿದೆ. ಅವರಿಗೆ ಹೊಟ್ಟೆಯ ಅನಿವಾರ್ಯವಾದರೂ ಇತ್ತು. ನಮಗಿದ್ದುದು ಒಂದು ಸ್ಪರ್ಧೆ. ಹೊಸ ಬೂಸ್ಟರಿನ ಬೆಲೆಯಲ್ಲಿ ನಾವು ಮೂವರೂ ಸ್ವಲ್ಪ ಹಂಚಿಕೊಂಡೆವು. ಮಾಲೀಕರು ಬೇಡವೆಂದರು. ಇದು ಉಪಕಾರವಲ್ಲ, ಅಂದು ಕೊಡದೆ ಉಳಿಸಿಕೊಂಡ ಬಾಡಿಗೆ ಎಂದು ಹೇಳಿ ಒಪ್ಪಿಸಿದೆವು.

ಈಗ ಮೊದಲಿನ ಗಾದೆಗೆ ಮರಳೋಣ. ಬ್ರೇಕೇ ಇಲ್ಲದ ಗಾಡಿ ಅಂಗಳವನ್ನು ಬಿಟ್ಟು ಹೊರಡುವುದಿಲ್ಲ. ಹತ್ತರಲ್ಲಿ ಒಂಬತ್ತು ಸಲ ಹಿಡಿಯುವ ಬ್ರೇಕು ಹದಿನಾಲ್ಕು ಮಕ್ಕಳನ್ನು ಹತ್ತಿಸಿಕೊಂಡು ಘಾಟಿಗೆ ಇಳಿಯುತ್ತದೆ. ಆದುದರಿಂದ ಅದು ಒಂಬತ್ತಾಣೆಯಷ್ಟು ಒಳ್ಳೆಯ ಬ್ರೇಕೂ ಅಲ್ಲ, ಹತ್ತಾಣೆಯಷ್ಟು ಒಳ್ಳೆಯ ಬ್ರೇಕೂ ಅಲ್ಲ. ಬ್ರೇಕಿನ ವೇಷ ಹಾಕಿದ ಇನ್ನೇನೋ ಆಗಿದೆ. ಮೆಳ್ಳಗಣ್ಣು ತಾನು ಮೆಳ್ಳಗಣ್ಣೆಂದು ತಿಳಿದಿರುವವರೆಗೆ ಮಾತ್ರ ಕುರುಡಿಗಿಂತ ವಾಸಿ. ಅಷ್ಟನ್ನು ಸೇರಿಸಿಕೊಂಡರೆ ಹಿರಿಯರ ಮಾತನ್ನು ನಾವು ಈಗಲೂ ಒಪ್ಪುತ್ತೇವೆ.

ಯಂತ್ರಕ್ಕೆ ಹೇಳಿದುದನ್ನೆಲ್ಲ ಮನುಷ್ಯರಿಗೆ ಹೊಂದಿಸುವುದು ಸಾಧುವಲ್ಲ. ಆದರೂ ಶಿಕ್ಷಕರಿಗೆ ಇದರಲ್ಲಿ ಒಂದು ಎಚ್ಚರಿಕೆಯಿದೆ ಎನಿಸುತ್ತದೆ. “ಆ ಹುಡುಗ ಒಮ್ಮೊಮ್ಮೆ ಚೆನ್ನಾಗಿ ಉತ್ತರ ಹೇಳುತ್ತಾನೆ, ಒಮ್ಮೊಮ್ಮೆ ಬಾಯಿ ಬಿಡುವುದಿಲ್ಲ” ಎಂದು ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ಯಾವ ದಿನ, ಎಷ್ಟನೆಯ ಗಂಟೆಯಲ್ಲಿ, ಊಟವಾದ ಮೇಲೋ ಮೊದಲೋ ಎಂದು ಕೇಳಿದ್ದೇವೆಯೆ? ಕೇಳದೆ ಲೈನರ್ ಬದಲಾಯಿಸುವ ಕೆಲಸವನ್ನು ತರಗತಿಯಲ್ಲಿಯೂ ನಾವು ಮಾಡಿದ್ದೇವೆ.

ಆ ಪ್ರಯಾಣದ ನಂತರ ನಮ್ಮ ಶಾಲೆಯ ಮಕ್ಕಳು ಸ್ಪರ್ಧೆಗೆ ಬಸ್ಸಿನಲ್ಲೇ ಹೋಗಿ ಬರುತ್ತಾರೆ. ಬಸ್ಸಿನ ಹೊತ್ತು ಹೊಂದದಿದ್ದರೆ ಹೋಗುವುದಿಲ್ಲ. ಒಂದು ವರ್ಷ ಹಾಗೆ ಹೋಗದೆ ಉಳಿದಾಗ ಮಕ್ಕಳು ಅತ್ತರು. ತಾಯ್ತಂದೆಯರು ನಮ್ಮನ್ನು ಉತ್ಸಾಹವಿಲ್ಲದವರೆಂದು ಆಡಿಕೊಂಡರು. ಕಾರಣವನ್ನು ಅಂದು ಪೂರ್ತಿಯಾಗಿ ಹೇಳಲಿಲ್ಲ; ಹೇಳಿದ್ದರೆ ಹಿಂದಿನದನ್ನೂ ಹೇಳಬೇಕಾಗುತ್ತಿತ್ತು. ಅಂದು ಸಂಜೆ ಕೈಮುಗಿದ ತಾಯ್ತಂದೆಯರಲ್ಲಿ ಕೆಲವರಾದರೂ ಈ ಪುಟಗಳನ್ನು ಓದುವರು. ಅವರ ಮಕ್ಕಳನ್ನು ನಾವು ಜೋಪಾನವಾಗಿ ಕರೆತರಲಿಲ್ಲ. ಅವರು ಜೋಪಾನವಾಗಿ ಬಂದರು, ಅಷ್ಟೆ. ನಮಗೆ ಸಲ್ಲದ ಆ ವಂದನೆಯನ್ನು, ತಡವಾಗಿಯಾದರೂ, ಈ ಬರಹದ ಮೂಲಕ ಹಿಂದಿರುಗಿಸುತ್ತಿದ್ದೇವೆ.